ಪ್ಯುಡೆಂಡಲ್ ನರಶೂಲೆ: ಕೂತಾಗ ಕಾಡುವ ನೋವು ಮತ್ತು ಅದರ ಚಿಕಿತ್ಸೆ

ಕೂತರೆ ನೋವು, ನಿಂತರೆ ಕಡಿಮೆ, ಮಲಗಿದರೆ ಬಹುಮಟ್ಟಿಗೆ ಇಲ್ಲ. ಪ್ಯುಡೆಂಡಲ್ ನರಶೂಲೆಯ ಮುಖ್ಯ ಗುರುತು ಇದು. ಜನನಾಂಗ, ಗುದದ್ವಾರ, ಇವೆರಡರ ನಡುವಿನ ಪೆರಿನಿಯಂ ಎಂಬ ಜಾಗ, ಇಷ್ಟರಲ್ಲಿ ಎಲ್ಲಿ ಬೇಕಾದರೂ ಈ ನೋವು ಕಾಣಿಸಿಕೊಳ್ಳಬಹುದು. ಒಂದೇ ಬದಿಗೆ ಬರಬಹುದು, ಎರಡೂ ಬದಿಗೆ ಹರಡಬಹುದು. ಕೆಲವರು ಉರಿ ಎನ್ನುತ್ತಾರೆ, ಕೆಲವರು ಕರೆಂಟ್ ಹೊಡೆದ ಹಾಗೆ ಎನ್ನುತ್ತಾರೆ, ಇನ್ನು ಕೆಲವರಿಗೆ ಗುದನಾಳದಲ್ಲೋ ಯೋನಿಯಲ್ಲೋ ಏನೋ ಸಿಕ್ಕಿಹಾಕಿಕೊಂಡಂತೆ ಅನ್ನಿಸುತ್ತದೆ. ಒಳಉಡುಪಿನ ಹೊಲಿಗೆ ತಾಗಿದರೂ ತಡೆಯಲಾಗದವರಿದ್ದಾರೆ. ಬೆಳಿಗ್ಗೆ ಎದ್ದಾಗ ಪರವಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ, ರಾತ್ರಿ ನಿಂತುಕೊಂಡೇ ಊಟ. ದಿನಚರಿಯೇ ಹೀಗಾಗಿಬಿಡುತ್ತದೆ.

ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗದ ಈ ರೋಗಿಯೇ ಕಮೋಡಿನ ಸೀಟಿನ ಮೇಲೆ ಸಲೀಸಾಗಿ ಕೂರುವುದುಂಟು. ಅಲ್ಲಿ ಮೈಭಾರವೆಲ್ಲ ಪೃಷ್ಠದ ಎರಡು ಗಂಟುಮೂಳೆಗಳ ಮೇಲೆ ಬೀಳುತ್ತದೆ, ನಡುವಿನ ಮೃದುಭಾಗದ ಮೇಲೆ ಒತ್ತಡ ಇರುವುದಿಲ್ಲ. ಈ ನೋವನ್ನು ಬಲ್ಲ ವೈದ್ಯರು ಇದೊಂದನ್ನು ತಪ್ಪದೆ ಕೇಳುತ್ತಾರೆ. ದುಬಾರಿ ಸ್ಕ್ಯಾನುಗಳು ಹೇಳದ ಸಂಗತಿಯನ್ನು ಕೆಲವೊಮ್ಮೆ ಈ ಒಂದು ಪ್ರಶ್ನೆಯ ಉತ್ತರ ಹೇಳಿಬಿಡುತ್ತದೆ.

ಪ್ಯುಡೆಂಡಲ್ ನರ ದೇಹದಲ್ಲಿ ಬಲಕ್ಕೊಂದು, ಎಡಕ್ಕೊಂದು ಇದೆ. ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಎರಡು, ಮೂರು ಮತ್ತು ನಾಲ್ಕನೆಯ ನರಬೇರುಗಳು ಸೇರಿ ಇದು ಹುಟ್ಟುತ್ತದೆ. ಅದರ ದಾರಿ ನೇರವಾದದ್ದಲ್ಲ. ಸೊಂಟಗೂಡಿನಿಂದ ಹಿಂದಕ್ಕೆ, ಪೃಷ್ಠದ ಆಳಕ್ಕೆ ಹೊರಬಂದು, ಒಂದು ಮೂಳೆಯ ಮೊನೆಯನ್ನು ಸುತ್ತುಹಾಕಿ, ಎರಡು ಗಟ್ಟಿ ಅಸ್ಥಿರಜ್ಜುಗಳ ಸಂದಿಯಲ್ಲಿ ನುಸುಳಿ, ಮತ್ತೆ ಸೊಂಟಗೂಡಿನ ಒಳಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಆಬ್ಟುರೇಟರ್ ಇಂಟರ್ನಸ್ ಎಂಬ ಸ್ನಾಯುವಿನ ಹೊದಿಕೆಯಲ್ಲಿರುವ ಇಕ್ಕಟ್ಟಾದ ಕಾಲುವೆಯೊಂದರಲ್ಲಿ ಸಾಗುತ್ತದೆ. ಕೊನೆಗೆ ಮೂರು ಕವಲಾಗಿ ಒಂದು ಗುದದ್ವಾರಕ್ಕೆ, ಒಂದು ಪೆರಿನಿಯಮ್ಮಿಗೆ, ಇನ್ನೊಂದು ಶಿಶ್ನ ಅಥವಾ ಚಂದ್ರನಾಡಿಗೆ ಹೋಗುತ್ತದೆ. ಆ ಭಾಗದ ಸ್ಪರ್ಶಜ್ಞಾನ ಇದರದ್ದು. ಮೂತ್ರ, ಮಲಗಳನ್ನು ಬೇಕೆಂದಾಗ ಬಿಗಿಹಿಡಿಯುವ ಸ್ನಾಯುಗಳನ್ನು ನಡೆಸುವುದೂ ಇದೇ. ನರ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಿರುವುದು ಎರಡು ಕಡೆ: ಅಸ್ಥಿರಜ್ಜುಗಳ ಆ ಸಂದಿಯಲ್ಲಿ, ಆಮೇಲಿನ ಆ ಕಾಲುವೆಯಲ್ಲಿ.

ಕಾಲುವೆಗೆ ಆಲ್ಕಾಕ್ ಕಾಲುವೆ ಎಂದು ಹೆಸರು. ಅದನ್ನು 1836ರಲ್ಲಿ ವಿವರಿಸಿದ ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ ಮುಂದೆ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಕಾಲುವೆ ಗೊತ್ತಿದ್ದರೂ ಅದರೊಳಗೆ ನರ ಒತ್ತಿಕೊಂಡು ನೋವು ಬರಬಹುದೆಂಬ ತಿಳಿವು ಮೂಡಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಫ್ರಾನ್ಸಿನ ಜೆರಾರ್ ಅಮರಾಂಕೊ ಮತ್ತು ಸಂಗಡಿಗರು 1987ರಲ್ಲಿ ಸೈಕಲ್ ಸವಾರರಲ್ಲಿ ಕಂಡ ಪೆರಿನಿಯಂ ತೊಂದರೆಗೆ ಈ ಕಾಲುವೆಯ ಒತ್ತಡವೇ ಕಾರಣವೆಂದು ಬರೆದರು. ನಾಂತ್ ನಗರದಲ್ಲಿ ನರಶಸ್ತ್ರಚಿಕಿತ್ಸಕ ರೊಜೆ ರಾಬೇರ್ ಹಾಗೂ ಜಾನ್ ಜಾಕ್ ಲಾಬಾ ಶವಗಳ ಮೇಲೆ ನರದ ದಾರಿಯನ್ನು ಬಿಡಿಸಿ ನೋಡಿ, ರೋಗಿಗಳ ಮಾತು ಕೇಳಿ, ಶಸ್ತ್ರಕ್ರಿಯೆ ಮಾಡಿ ಈ ವಿದ್ಯೆಯನ್ನು ಕಟ್ಟಿದರು. ಈಜಿಪ್ಟಿನ ಅಹ್ಮದ್ ಶಫೀಕ್ ಕೂಡ 1990ರ ದಶಕದಲ್ಲಿ ಇದರ ಬಗ್ಗೆ ವಿಸ್ತಾರವಾಗಿ ಬರೆದರು. ಇಂದಿಗೂ ಈ ನೋವಿನ ಕುರಿತ ಮಾತು ನಾಂತ್ ನಗರದ ಹೆಸರೆತ್ತದೆ ಮುಂದೆ ಹೋಗುವುದಿಲ್ಲ.

ಸೈಕಲ್ ಸವಾರರ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾರ್ವೆಯ ಟ್ರಾಂಡ್‌ಹೈಮ್‌ನಿಂದ ಓಸ್ಲೋವರೆಗೆ 540 ಕಿಲೋಮೀಟರು ದೂರದ ಸವಾರಿಯೊಂದು ನಡೆಯುತ್ತದೆ. ಅದರಲ್ಲಿ ಭಾಗವಹಿಸಿದ ಹವ್ಯಾಸಿ ಸವಾರರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರ ಕೊಟ್ಟ 160 ಗಂಡಸರಲ್ಲಿ 35 ಮಂದಿಗೆ ಈ ನರಗಳ ವ್ಯಾಪ್ತಿಯಲ್ಲಿ ತೊಂದರೆ ಆಗಿತ್ತು. ಹೆಚ್ಚಿನವರದು ಶಿಶ್ನ ಮರಗಟ್ಟಿದ ದೂರು. ಹತ್ತು ಮಂದಿಗೆ ಅದು ವಾರ ಮೀರಿಯೂ ಉಳಿದಿತ್ತು. ಇದಕ್ಕೆ ಪರಿಹಾರವನ್ನು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧಕರು ಸೀಟಿನಲ್ಲೇ ಹುಡುಕಿದರು. ದಿನವಿಡೀ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಮುಂದಿನ ಮೂತಿ ಇಲ್ಲದ ಸೀಟು ಕೊಟ್ಟು ಆರು ತಿಂಗಳು ನೋಡಿದರು. ಮೊದಲು 27 ಪ್ರತಿಶತ ಮಂದಿ ಮಾತ್ರ ಪೆರಿನಿಯಂ ಮರಗಟ್ಟುವುದಿಲ್ಲ ಎಂದಿದ್ದರೆ, ಆರು ತಿಂಗಳ ನಂತರ ಹಾಗೆಂದವರು 82 ಪ್ರತಿಶತ. 2008ರಲ್ಲಿ ಬಂದ ಈ ಫಲಿತಾಂಶ ಸರಳವಾದದ್ದು, ಆದರೆ ದೊಡ್ಡದು: ಔಷಧಿ ಇಲ್ಲ, ಶಸ್ತ್ರಕ್ರಿಯೆ ಇಲ್ಲ, ಸೀಟು ಬದಲಿಸಿದ್ದಷ್ಟೇ.

ಹೆಂಗಸರಲ್ಲಿ ಕಾರಣಗಳ ಪಟ್ಟಿಗೆ ಹೆರಿಗೆಯೂ ಸೇರುತ್ತದೆ. ಮಗುವಿನ ತಲೆ ಇಳಿಯುವಾಗ ಸೊಂಟಗೂಡಿನ ತಳದ ಸ್ನಾಯುಗಳ ಜೊತೆ ಈ ನರವೂ ಜಗ್ಗುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸಂಶೋಧಕರು 1984ರಲ್ಲಿ ಹೆರಿಗೆಯಿಂದ ಆಗುವ ಈ ನರಹಾನಿಯನ್ನು ಅಳೆದು ತೋರಿಸಿದರು. ಫೋರ್ಸೆಪ್ಸ್ ಹಾಕಿದ, ಮುಕ್ಕುವ ಹಂತ ಬಹಳ ಹೊತ್ತು ಎಳೆದ ಹೆರಿಗೆಗಳಲ್ಲಿ ಅಪಾಯ ಹೆಚ್ಚು. ಬಹುಪಾಲು ತಾಯಂದಿರಲ್ಲಿ ನರ ತಾನೇ ಚೇತರಿಸಿಕೊಳ್ಳುತ್ತದೆ. ಎಲ್ಲರಲ್ಲೂ ಅಲ್ಲ. ಗರ್ಭಕೋಶ ಜಾರಿದ್ದಕ್ಕೆ ಮಾಡುವ ಕೆಲವು ಶಸ್ತ್ರಕ್ರಿಯೆಗಳಲ್ಲಿ ಹೊಲಿಗೆ ಬೀಳುವುದು ನರ ಸುತ್ತಿಕೊಂಡು ಹೋಗುವ ಅದೇ ಅಸ್ಥಿರಜ್ಜಿನ ಮೇಲೆ. ಯೋನಿಯ ಮೂಲಕ ಕೂರಿಸುತ್ತಿದ್ದ ಪ್ಲಾಸ್ಟಿಕ್ ಜಾಲರಿಗಳಿಂದ ಸಾವಿರಾರು ಹೆಂಗಸರು ನೋವು ಉಂಡರು. ಇಂಗ್ಲೆಂಡ್ 2018ರಲ್ಲಿ ಆ ಜಾಲರಿಗಳ ಬಳಕೆಯನ್ನು ತಡೆಹಿಡಿಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ, ಜಾರುವಿಕೆಗೆಂದು ಅವುಗಳನ್ನು ಮಾರುವುದನ್ನು ನಿಲ್ಲಿಸುವಂತೆ ತಯಾರಕರಿಗೆ ಆದೇಶಿಸಿತು. ಅಷ್ಟರೊಳಗೆ ಎಷ್ಟೋ ಹೆಂಗಸರಿಗೆ ‘ಸ್ಕ್ಯಾನಿನಲ್ಲಿ ಏನೂ ಇಲ್ಲ’ ಎಂಬ ಉತ್ತರ ಮತ್ತೆ ಮತ್ತೆ ಸಿಕ್ಕಿತ್ತು. ಅವರ ಮಾತನ್ನು ಮೊದಲೇ ನಂಬಿದ್ದರೆ ಅದೆಷ್ಟೋ ವರ್ಷಗಳ ನರಳಾಟ ತಪ್ಪುತ್ತಿತ್ತು.

ಹಳೆಯ ಮಲಬದ್ಧತೆ, ಮಲವಿಸರ್ಜನೆಗೆ ದಿನಾ ತಿಣುಕುವುದು, ಪೃಷ್ಠದ ಮೇಲೆ ಬೀಳುವುದು, ಜಿಮ್‌ನಲ್ಲಿ ಭಾರ ಹೊತ್ತು ಆಳಕ್ಕೆ ಬಗ್ಗಿ ಏಳುವ ವ್ಯಾಯಾಮ, ಗಂಟೆಗಟ್ಟಲೆ ಕೂತು ಮಾಡುವ ಕೆಲಸ, ಇವೆಲ್ಲ ಈ ನೋವಿಗೆ ದಾರಿಮಾಡಬಲ್ಲವು. ಎಷ್ಟೋ ರೋಗಿಗಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ನರದಷ್ಟೇ ಮುಖ್ಯವಾದದ್ದು ಅದರ ಸುತ್ತಲಿನ ಸ್ನಾಯು. ಸೊಂಟಗೂಡಿನ ತಳದಲ್ಲಿ, ಮುಂದಿನ ಮೂಳೆಯಿಂದ ಬಾಲಮೂಳೆಯವರೆಗೆ, ಮಗುವನ್ನು ಮಲಗಿಸುವ ಬಟ್ಟೆಯ ಜೋಲಿಯಂತೆ ಹರಡಿಕೊಂಡಿರುವ ಸ್ನಾಯುಗಳ ಹಾಸನ್ನು ಶ್ರೋಣಿತಳ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಆಸರೆ ಇದೇ. ನೋವು ಬಂದಾಗ ಈ ಸ್ನಾಯುಗಳು ತಮ್ಮನ್ನು ತಾವೇ ಬಿಗಿದುಕೊಳ್ಳುತ್ತವೆ. ಬಿಗಿದುಕೊಂಡಷ್ಟೂ ನರಕ್ಕೆ ಒತ್ತಡ, ಒತ್ತಡ ಹೆಚ್ಚಿದಷ್ಟೂ ನೋವು, ನೋವಿಗೆ ಮತ್ತೆ ಬಿಗಿತ. ಈ ಸುತ್ತನ್ನು ಎಲ್ಲಿ ಕಡಿಯಬೇಕು ಎಂಬುದೇ ಚಿಕಿತ್ಸೆಯ ಮೊದಲ ಪ್ರಶ್ನೆ. ಫಿಸಿಯೋಥೆರಪಿಗೆ ಇಲ್ಲಿ ಮೊದಲ ಸ್ಥಾನ ಸಿಗುವುದು ಇದೇ ಕಾರಣಕ್ಕೆ.

ಅದಕ್ಕೂ ಮುನ್ನ ರೋಗ ಗುರುತಾಗಬೇಕಲ್ಲ. ಅಲ್ಲೇ ವರ್ಷಗಳು ಕಳೆದುಹೋಗುತ್ತವೆ. ನಮ್ಮ ಊರುಗಳಲ್ಲಿ ಕೂರುವ ಜಾಗದ ನೋವೆಂದರೆ ಮೂಲವ್ಯಾಧಿ ಎಂದೇ ಮೊದಲ ಊಹೆ. ಮೂತ್ರದ ಉರಿ ಎಂದರೆ ಉಷ್ಣ, ಅದಕ್ಕೆ ಜೀರಿಗೆ ನೀರು, ಎಳನೀರು. ಹೆಂಗಸರಿಗೆ ಫಂಗಸ್ ಸೋಂಕಿನ ಮುಲಾಮು ಮೇಲಿಂದ ಮೇಲೆ ಬರೆದುಕೊಡುವುದೂ, ಗಂಡಸರಿಗೆ ಪ್ರಾಸ್ಟೇಟ್ ಸೋಂಕೆಂದು ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವುದೂ ಜಗತ್ತಿನ ಎಲ್ಲ ಕಡೆಯೂ ಇದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ದೀರ್ಘಕಾಲದ ಸೊಂಟಗೂಡಿನ ನೋವಿದ್ದ 196 ಗಂಡಸರಿಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಆಗಲಿ, ಮೂತ್ರದ ಹರಿವು ಸರಾಗಗೊಳಿಸುವ ಟ್ಯಾಮ್ಸುಲೋಸಿನ್ ಆಗಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಮೂತ್ರಪರೀಕ್ಷೆಯಲ್ಲಿ ರೋಗಾಣು ಇಲ್ಲದಿದ್ದರೂ ಮೂರನೆಯ, ನಾಲ್ಕನೆಯ ಸಲ ಆಂಟಿಬಯಾಟಿಕ್ ಬರೆಯುವ ಅಭ್ಯಾಸ ನಿಲ್ಲಬೇಕು.

ನಾಂತ್ ತಂಡ 2008ರಲ್ಲಿ ಪ್ರಕಟಿಸಿದ ಐದು ಲಕ್ಷಣಗಳನ್ನು ಇಂದು ಎಲ್ಲರೂ ಬಳಸುತ್ತಾರೆ. ನೋವು ಪ್ಯುಡೆಂಡಲ್ ನರದ ವ್ಯಾಪ್ತಿಯೊಳಗಿರಬೇಕು. ಕೂತಾಗ ಹೆಚ್ಚಾಗಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು. ಪರೀಕ್ಷೆ ಮಾಡಿದಾಗ ಸ್ಪರ್ಶಜ್ಞಾನ ಹೋಗಿರಬಾರದು. ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಹಾಕಿದರೆ ನೋವು ತಾತ್ಕಾಲಿಕವಾಗಿಯಾದರೂ ಇಳಿಯಬೇಕು. ಈ ಐದರಲ್ಲಿ ಎಂ.ಆರ್.ಐ. ಇಲ್ಲ ಎಂಬುದನ್ನು ಗಮನಿಸಬೇಕು. ಸ್ಕ್ಯಾನ್ ಮಾಡುವುದು ಗೆಡ್ಡೆ, ಕೀವು, ಬೆನ್ನುಮೂಳೆಯ ತೊಂದರೆ ಮೊದಲಾದ ಬೇರೆ ಕಾರಣಗಳನ್ನು ತಳ್ಳಿಹಾಕಲು. ನರದ ವೇಗ ಅಳೆಯುವ ವಿದ್ಯುತ್ ಪರೀಕ್ಷೆಯೂ ಇದೆ. ನೋವಿಲ್ಲದವರಲ್ಲೂ, ಹೆರಿಗೆಯಾದ ಹೆಂಗಸರಲ್ಲೂ ಅದು ವ್ಯತ್ಯಾಸ ತೋರಿಸಬಹುದಾದ್ದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಚುಚ್ಚುಮದ್ದಿನ ಪರೀಕ್ಷೆಗೂ ಮಿತಿಯಿದೆ: ಆ ನರದ ವ್ಯಾಪ್ತಿಯಲ್ಲಿ ಬೇರಾವ ಕಾರಣಕ್ಕೆ ನೋವಿದ್ದರೂ ಮರಗಟ್ಟಿಸಿದಾಗ ಅದು ಇಳಿದೀತು.

ಕೆಲವು ಲಕ್ಷಣಗಳು ಕಂಡರೆ ಈ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಓಡಬೇಕು. ತೊಡೆಸಂದು, ಗುದದ್ವಾರದ ಸುತ್ತ ಸ್ಪರ್ಶವೇ ತಿಳಿಯದಿರುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಕಾಲುಗಳಲ್ಲಿ ಬಲ ಕುಂದುವುದು, ಇವು ಬೆನ್ನುಹುರಿಯ ಕೊನೆಯ ನರಗೊಂಚಲು ಒತ್ತಿಕೊಂಡಿರುವ ಸೂಚನೆ. ಜ್ವರ, ರಕ್ತಸ್ರಾವ, ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಬೇರೆ ಕಾಯಿಲೆಗಳನ್ನು ಹುಡುಕಬೇಕಾಗುತ್ತದೆ.

ರೋಗ ಗುರುತಾದ ಮೇಲಿನ ಮೊದಲ ಹೆಜ್ಜೆ ನರವನ್ನು ಕೆರಳಿಸುವುದನ್ನು ನಿಲ್ಲಿಸುವುದು. ಸೈಕಲ್ ಕೆಲಕಾಲ ಬಿಡಬೇಕು. ಉಬ್ಬುತಗ್ಗಿನ ರಸ್ತೆಯಲ್ಲಿ ಬೈಕ್ ಓಡಿಸುವುದನ್ನೂ ಆದಷ್ಟು ತಪ್ಪಿಸಬೇಕು. ನಡುವೆ ಮುಂದಿನಿಂದ ಹಿಂದಿನವರೆಗೆ ಕತ್ತರಿಸಿ ತೆಗೆದ ದಿಂಬು ಒಳ್ಳೆಯದು, ಭಾರ ಗಂಟುಮೂಳೆಗಳ ಮೇಲೆ ಬೀಳುತ್ತದೆ. ಮೂಲವ್ಯಾಧಿಗೆಂದು ಮಾರುವ ಉಂಗುರದ ದಿಂಬು ಎಲ್ಲರಿಗೂ ಹಿತವಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯುವುದು, ನಿಂತು ಕೆಲಸ ಮಾಡುವಷ್ಟು ಎತ್ತರದ ಮೇಜು, ಮಲ ಗಟ್ಟಿಯಾಗದಂತೆ ನೀರು, ಸೊಪ್ಪು, ಕಾಳು, ಹಣ್ಣು. ಕಮೋಡಿನಲ್ಲಿ ಕೂತಾಗ ಪಾದದ ಕೆಳಗೆ ಒಂದು ಮಣೆ ಇಟ್ಟುಕೊಂಡರೆ ಮಂಡಿ ಮೇಲೆದ್ದು ತಿಣುಕಾಟ ಕಡಿಮೆಯಾಗುತ್ತದೆ. ಇವು ಸಣ್ಣ ಸಂಗತಿಗಳೆಂದು ತೋರಬಹುದು. ಇವುಗಳನ್ನು ಬಿಟ್ಟು ಮಾಡಿದ ದೊಡ್ಡ ಚಿಕಿತ್ಸೆಗಳು ಉಳಿಯುವುದು ಕಷ್ಟ.

ಶ್ರೋಣಿತಳವನ್ನು ಬಲ್ಲ ಫಿಸಿಯೋಥೆರಪಿಸ್ಟ್ ಮೊದಲ ಭೇಟಿಯಲ್ಲಿ ಬಹಳ ಹೊತ್ತು ಕೇಳಿಸಿಕೊಳ್ಳುತ್ತಾರೆ: ಮೂತ್ರ, ಮಲ, ಲೈಂಗಿಕ ಜೀವನ, ಹೆರಿಗೆ, ಶಸ್ತ್ರಕ್ರಿಯೆ, ಕೂರುವ ಬಗೆ. ಆಮೇಲೆ ಬೆನ್ನು, ಸೊಂಟದ ಕೀಲು, ಹೊಟ್ಟೆ, ತೊಡೆಯ ಒಳಬದಿಯನ್ನು ಮುಟ್ಟಿ ನೋಡುತ್ತಾರೆ. ಒಳಪರೀಕ್ಷೆ ಬೇಕಾದರೆ ಅದನ್ನು ವಿವರಿಸಿ, ಒಪ್ಪಿಗೆ ಪಡೆದು ಮಾಡುವುದು, ಬೇಡವೆಂದರೆ ಅಲ್ಲಿಗೇ ನಿಲ್ಲಿಸುವುದು ಕ್ರಮ. ಕೈಗವಸು ತೊಟ್ಟ ಒಂದು ಬೆರಳು ಯೋನಿ ಅಥವಾ ಗುದದ್ವಾರದ ಮೂಲಕ ಒಳಗೆ ಹೋಗಿ ಪಕ್ಕದ ಗೋಡೆಯ ಮೇಲೆ ನಿಲ್ಲುತ್ತದೆ. ಮಡಚಿದ ಮಂಡಿಯನ್ನು ಹೊರಗಡೆಗೆ ತಳ್ಳುವಂತೆ ರೋಗಿಗೆ ಹೇಳಿ, ಇನ್ನೊಂದು ಕೈಯಿಂದ ಅದನ್ನು ತಡೆಯುತ್ತಾರೆ. ಆಗ ಒಳಗಿನ ಬೆರಳಿನ ಕೆಳಗೆ ಒಂದು ಸ್ನಾಯು ಉಬ್ಬುತ್ತದೆ. ಅದೇ ಆಬ್ಟುರೇಟರ್ ಇಂಟರ್ನಸ್, ನರದ ಕಾಲುವೆಯ ಗೋಡೆ. ಅದನ್ನು ಮೆಲ್ಲಗೆ ಒತ್ತಿದಾಗ ರೋಗಿ ‘ಇದೇ, ಇದೇ ನೋವು’ ಎನ್ನುವುದುಂಟು. ವರ್ಷಗಳಿಂದ ಯಾವ ಚಿತ್ರದಲ್ಲೂ ಕಾಣದ ನೋವಿಗೆ ಜಾಗ ಸಿಗುವುದು ಹೀಗೆ. ರೋಗಿಗೆ ಅದರಿಂದ ಸಿಗುವ ಸಮಾಧಾನ ಚಿಕಿತ್ಸೆಯ ಒಂದು ಭಾಗವೇ ಸರಿ.

ಆಮೇಲಿನ ಕೆಲಸ ಸಡಿಲಿಸುವುದು. ಗಂಟುಕಟ್ಟಿದ ಜಾಗದ ಮೇಲೆ ಬೆರಳಿಟ್ಟು, ಉಸಿರಿನ ಜೊತೆ ಸ್ನಾಯು ಬಿಡುವವರೆಗೆ ಕಾಯುತ್ತಾರೆ. ತೊಡೆ, ಪೃಷ್ಠ, ಕಿಬ್ಬೊಟ್ಟೆಯ ಚರ್ಮವನ್ನು ಮಡಿಕೆಯಾಗಿ ಎತ್ತಿ ಹೊರಳಿಸುತ್ತಾರೆ. ಸಿಸೇರಿಯನ್ ಅಥವಾ ಹೆರಿಗೆಯ ಹೊಲಿಗೆಯ ಗಾಯದ ಗುರುತು ಬಿಗಿದಿದ್ದರೆ ಅದನ್ನೂ ಸಡಿಲಿಸುತ್ತಾರೆ. ಮನೆಯಲ್ಲಿ ಮಾಡಲು ಹೇಳಿಕೊಡುವುದರಲ್ಲಿ ಮುಖ್ಯವಾದದ್ದು ಉಸಿರಾಟ: ಅಂಗಾತ ಮಲಗಿ, ಹೊಟ್ಟೆ ಮೇಲೇಳುವಂತೆ ಉಸಿರು ಒಳಗೆಳೆದುಕೊಂಡಾಗ ವಪೆ ಕೆಳಗಿಳಿಯುತ್ತದೆ, ಅದರೊಂದಿಗೆ ಶ್ರೋಣಿತಳವೂ ಕೆಳಗಿಳಿದು ಸಡಿಲವಾಗುತ್ತದೆ. ಬಾಲಾಸನ, ಬೆನ್ನ ಮೇಲೆ ಮಲಗಿ ಪಾದ ಹಿಡಿದುಕೊಳ್ಳುವ ಆನಂದ ಬಾಲಾಸನ ಇದಕ್ಕೆ ನೆರವಾಗುತ್ತವೆ. ಬಿಗಿತ ಎಷ್ಟಿದೆ, ಬಿಟ್ಟಾಗ ಎಷ್ಟು ಇಳಿಯುತ್ತದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರವನ್ನೂ ಬಳಸುತ್ತಾರೆ. ಫಲ ವಾರದಲ್ಲಿ ಬರುವುದಿಲ್ಲ. ತಿಂಗಳುಗಳ ಲೆಕ್ಕದಲ್ಲಿ ಕೂರುವ ಹೊತ್ತು ಐದೈದು ನಿಮಿಷವಾಗಿ ಹೆಚ್ಚುತ್ತದೆ.

ಇಲ್ಲೊಂದು ಎಚ್ಚರಿಕೆ. ಶ್ರೋಣಿತಳ ಎಂದ ಕೂಡಲೇ, ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೇಗಲ್ ವ್ಯಾಯಾಮ ಮಾಡಿ ಎನ್ನುವವರು ಬಹಳ. ಲಾಸ್ ಏಂಜಲೀಸ್‌ನ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೇಗಲ್ 1948ರಲ್ಲಿ ಅದನ್ನು ಬರೆದದ್ದು ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳಿಗೆ, ಮೂತ್ರ ಸೋರುವಿಕೆಗೆ. ಮೊದಲೇ ಬಿಗಿದುಕೊಂಡ ಸ್ನಾಯುವನ್ನು ಇನ್ನಷ್ಟು ಬಿಗಿಸಿದರೆ ನೋವು ಹೆಚ್ಚುತ್ತದೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಮೂತ್ರಕೋಶದ ನೋವಿನ ಕುರಿತ ತನ್ನ ಮಾರ್ಗಸೂಚಿಯಲ್ಲಿ, ಬಿಗಿತವಿದ್ದವರಿಗೆ ಕೈಚಿಕಿತ್ಸೆ ಕೊಡಬೇಕು, ಸ್ನಾಯು ಬಲಪಡಿಸುವ ವ್ಯಾಯಾಮ ಬೇಡ ಎಂದೇ ಬರೆದಿದೆ. ಯೋಗಾಭ್ಯಾಸಿಗಳಿಗೂ ಈ ಮಾತು ಸಲ್ಲುತ್ತದೆ. ಹಠಯೋಗದ ಮೂಲಬಂಧ, ಅಶ್ವಿನೀ ಮುದ್ರೆಗಳು ಇದೇ ಸ್ನಾಯುಗಳನ್ನು ಸಂಕುಚಿಸುವ ಕ್ರಿಯೆಗಳು. ಮೈಸೂರಿನ ಪಟ್ಟಾಭಿ ಜೋಯಿಸರು ಕಲಿಸಿ ಜಗತ್ತಿಗೆಲ್ಲ ಹಬ್ಬಿದ ಅಷ್ಟಾಂಗ ವಿನ್ಯಾಸದಲ್ಲಿ ಅಭ್ಯಾಸದುದ್ದಕ್ಕೂ ಮೂಲಬಂಧ ಇರಬೇಕೆನ್ನುತ್ತಾರೆ. ಆರೋಗ್ಯವಂತರಿಗೆ ಅದು ಸರಿ. ಈ ನೋವಿರುವವರು ಬಂಧವನ್ನು ಬಿಟ್ಟು, ಸಡಿಲಿಸುವ ಆಸನಗಳನ್ನಷ್ಟೇ ಮಾಡುವುದು ಕ್ಷೇಮ.

ಕೈಚಿಕಿತ್ಸೆಗೆ ಪುರಾವೆ ಎಷ್ಟಿದೆ? ಪ್ಯುಡೆಂಡಲ್ ನರಶೂಲೆಯೊಂದಕ್ಕೇ ಸೀಮಿತವಾದ ದೊಡ್ಡ ಪ್ರಯೋಗಗಳು ಕಡಿಮೆ, ಹತ್ತಿರದ ಕಾಯಿಲೆಗಳಲ್ಲಿ ಚೆನ್ನಾಗಿ ನಡೆದಿವೆ. ಮೂತ್ರಕೋಶದ ನೋವು ಮತ್ತು ಶ್ರೋಣಿತಳದ ಬಿಗಿತ ಎರಡೂ ಇದ್ದ 81 ಹೆಂಗಸರಲ್ಲಿ, ಶ್ರೋಣಿತಳಕ್ಕೇ ಗುರಿಯಿಟ್ಟ ಕೈಚಿಕಿತ್ಸೆಯನ್ನು ಮೈಗೆಲ್ಲ ಮಾಡುವ ಸಾಮಾನ್ಯ ಮಸಾಜಿನೊಂದಿಗೆ ಹೋಲಿಸಿದ 2012ರ ಪ್ರಯೋಗ ಇವುಗಳಲ್ಲಿ ಹೆಸರಾದದ್ದು. ಮೊದಲನೆಯದರಲ್ಲಿ 59 ಪ್ರತಿಶತ, ಎರಡನೆಯದರಲ್ಲಿ 26 ಪ್ರತಿಶತ ಮಂದಿ ಸುಧಾರಿಸಿದರು. ಗಂಡಸರ ಮಟ್ಟಿಗೆ ಸ್ಟ್ಯಾನ್‌ಫರ್ಡ್‌ನ ಮೂತ್ರರೋಗ ತಜ್ಞ ರಾಡ್ನಿ ಆಂಡರ್ಸನ್ ಮತ್ತು ಮನಃಶಾಸ್ತ್ರಜ್ಞ ಡೇವಿಡ್ ವೈಸ್ ರೂಪಿಸಿದ ಕ್ರಮ ಪ್ರಸಿದ್ಧ. ವೈಸ್ ಸ್ವತಃ ಈ ಬಗೆಯ ನೋವನ್ನು ವರ್ಷಗಟ್ಟಲೆ ಅನುಭವಿಸಿದವರು. ಒಳಗಿನ ಗಂಟುಗಳನ್ನು ಒತ್ತಿ ಬಿಡಿಸುವುದು, ದಿನವೂ ಆಳವಾದ ವಿಶ್ರಾಂತಿಯ ಅಭ್ಯಾಸ, ಇವೆರಡನ್ನೂ ಅವರು ಜೋಡಿಸಿದರು. 2005ರಲ್ಲಿ ಪ್ರಕಟಿಸಿದ 138 ಗಂಡಸರ ವರದಿಯಲ್ಲಿ ಸುಮಾರು 72 ಪ್ರತಿಶತ ಮಂದಿ ಸಾಕಷ್ಟು ಸುಧಾರಿಸಿದ್ದರು. ಹೋಲಿಕೆಯ ಗುಂಪು ಇಲ್ಲದ್ದರಿಂದ ಆ ಸಂಖ್ಯೆಯನ್ನು ಪೂರ್ತಿ ಒಪ್ಪಲಾಗದು. ಆದರೂ ಆಂಟಿಬಯಾಟಿಕ್‌ನ ದಾರಿಯಲ್ಲಿ ಸೋತವರಿಗೆ ಅದು ಬೇರೊಂದು ದಾರಿ ತೋರಿಸಿತು.

ನೋವು ಬಹುಕಾಲ ಉಳಿದರೆ ನರವ್ಯೂಹವೇ ಬದಲಾಗುತ್ತದೆ. ಬೆನ್ನುಹುರಿ ಸಣ್ಣ ಸ್ಪರ್ಶವನ್ನೂ ನೋವಾಗಿ ದೊಡ್ಡದು ಮಾಡಿ ಮೇಲಕ್ಕೆ ಕಳಿಸತೊಡಗುತ್ತದೆ. ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಾಣಿಪ್ರಯೋಗದಲ್ಲಿ ತೋರಿಸಿದ ಈ ಸಂಗತಿ, ‘ಇದೆಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂಬ ಮಾತಿಗೆ ವಿಜ್ಞಾನ ಕೊಟ್ಟ ಉತ್ತರ. ನೋವು ನಿಜ, ಅದರ ಧ್ವನಿ ಮಾತ್ರ ಹೆಚ್ಚಾಗಿದೆ. ನಿದ್ದೆಗೇಡು, ಆತಂಕ, ಖಿನ್ನತೆಗಳಿಗೆ ಚಿಕಿತ್ಸೆ ಕೊಟ್ಟಾಗ ನೋವು ಇಳಿಯುವುದು ಈ ಕಾರಣಕ್ಕೆ. ಆಪ್ತಸಲಹೆಗಾರರ ಬಳಿ ಕಳಿಸಿದ ವೈದ್ಯರು ನೋವನ್ನು ನಂಬಲಿಲ್ಲ ಎಂದು ರೋಗಿ ತಿಳಿಯದಂತೆ, ಇದನ್ನು ಬಾಯಿಬಿಟ್ಟು ವಿವರಿಸಬೇಕು. ದಾಂಪತ್ಯದ ಮೇಲೆ ಬೀಳುವ ಪೆಟ್ಟಿನ ಬಗ್ಗೆಯೂ ಸಂಗಾತಿಯನ್ನು ಕೂರಿಸಿಕೊಂಡು ಮಾತಾಡಬೇಕು. ಬಹಳ ಮನೆಗಳಲ್ಲಿ ಈ ವಿಷಯ ಗಂಡ ಹೆಂಡಿರ ನಡುವೆಯೂ ಮಾತಾಗಿ ಬರುವುದಿಲ್ಲ.

ಔಷಧಿಗಳ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಸಾಮಾನ್ಯ ನೋವಿನ ಮಾತ್ರೆಗಳು ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಇವುಗಳಲ್ಲಿ ಒಂದನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಅಮಿಟ್ರಿಪ್ಟಿಲಿನ್ ನಿದ್ದೆಗೆ ಒಳ್ಳೆಯದು, ಆದರೆ ಮಲಬದ್ಧತೆ ತರುತ್ತದೆ; ತಿಣುಕುವುದೇ ಶತ್ರುವಾದವರಿಗೆ ಇದನ್ನು ಮೊದಲೇ ಹೇಳಿ ಉಪಾಯ ಮಾಡಬೇಕು. ಪ್ರಿಗ್ಯಾಬಲಿನ್‌ನಿಂದ ತಲೆಸುತ್ತು, ತೂಕ ಏರಿಕೆ, ಕಾಲೂತ ಬರಬಹುದು. ಬ್ರಿಟನ್ನಿನಲ್ಲಿ ಸ್ಪಷ್ಟ ಕಾರಣ ಸಿಗದ ಸೊಂಟಗೂಡಿನ ನೋವಿದ್ದ 306 ಹೆಂಗಸರ ಮೇಲೆ ನಡೆದು 2020ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಯಾಬಪೆಂಟಿನ್ ಹುಸಿಮಾತ್ರೆಗಿಂತ ಹೆಚ್ಚು ಫಲ ಕೊಡಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು ಕೊಟ್ಟಿತು. ಖಚಿತವಾಗಿ ನರದ್ದೇ ಎಂದು ಗುರುತಾದ ನೋವಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಹೊಟ್ಟೆಯ ಕೆಳಗಿನ ಯಾವ ನೋವಿಗೂ ಈ ಮಾತ್ರೆ ಬರೆದು ಕಳಿಸುವ ರೂಢಿಗೆ ಅದು ಕಡಿವಾಣ ಹಾಕಬೇಕು.

ನರದ ಬಳಿ ಹಾಕುವ ಚುಚ್ಚುಮದ್ದು, ಅಂದರೆ ನರ್ವ್ ಬ್ಲಾಕ್, ರೋಗವನ್ನು ಗುರುತಿಸಲೂ ಬೇಕು, ಸ್ವಲ್ಪ ಕಾಲ ನೋವು ತಗ್ಗಿಸಿ ಫಿಸಿಯೋಥೆರಪಿಗೆ ಅವಕಾಶ ಮಾಡಿಕೊಡಲೂ ಬೇಕು. ಸಿ.ಟಿ. ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯನ್ನು ಮೂಳೆಮೊನೆಯ ಹತ್ತಿರ ಇಲ್ಲವೇ ಆಲ್ಕಾಕ್ ಕಾಲುವೆಗೆ ಒಯ್ಯುತ್ತಾರೆ. ಮರಗಟ್ಟಿಸುವ ಮದ್ದಿನ ಜೊತೆ ಸ್ಟಿರಾಯ್ಡ್ ಸೇರಿಸುವುದು ಬಹುಕಾಲದ ವಾಡಿಕೆ. ನಾಂತ್ ತಂಡವೇ 201 ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಂತೆ, ಮೂರು ತಿಂಗಳ ನಂತರ ನೋಡಿದಾಗ ಸ್ಟಿರಾಯ್ಡ್ ಸೇರಿಸಿದ್ದರಿಂದ ಯಾವ ಲಾಭವೂ ಆಗಿರಲಿಲ್ಲ. ತಾವೇ ಬಳಸುತ್ತಿದ್ದ ಕ್ರಮವನ್ನು ತಾವೇ ಪರೀಕ್ಷೆಗೆ ಒಡ್ಡಿ, ಫಲವಿಲ್ಲವೆಂದು ಬರೆದದ್ದು ಮೆಚ್ಚಬೇಕಾದ ನಡೆ. ಬಿಗಿದ ಸ್ನಾಯುವಿಗೆ ಬೊಟುಲಿನಮ್ ಚುಚ್ಚುವುದು, ನರಕ್ಕೆ ರೇಡಿಯೋ ಅಲೆಗಳ ಮಿಡಿತ ಕೊಡುವುದು, ಇವೂ ಬಳಕೆಯಲ್ಲಿವೆ. ಕೆಲವರಿಗೆ ತಿಂಗಳುಗಟ್ಟಲೆ ಹಾಯೆನಿಸುತ್ತದೆ, ಎಲ್ಲರಿಗೂ ಅಲ್ಲ.

ಇಷ್ಟೆಲ್ಲ ಮಾಡಿಯೂ ನೋವು ತಗ್ಗದೆ, ನರ ಸಿಕ್ಕಿಕೊಂಡಿದೆ ಎಂಬ ಗುರುತುಗಳು ಬಲವಾಗಿದ್ದರೆ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ರಾಬೇರ್ ಅವರ ಕ್ರಮದಲ್ಲಿ ಪೃಷ್ಠದ ಮೂಲಕ ಒಳಹೊಕ್ಕು, ಅಸ್ಥಿರಜ್ಜುಗಳನ್ನು ಕತ್ತರಿಸಿ, ನರವನ್ನು ಬಿಡಿಸಿ, ಮೂಳೆಮೊನೆಯ ಮುಂದಕ್ಕೆ ಸರಿಸುತ್ತಾರೆ. ಎಕ್ಸ್ ಆನ್ ಪ್ರೊವಾನ್ಸ್ ನಗರದ ಎರಿಕ್ ಬೋತ್ರಾಂ ಬೇರೆ ದಾರಿಯಿಂದ ನರವನ್ನು ತಲುಪುತ್ತಾರೆ. ಲ್ಯಾಪರೋಸ್ಕೋಪಿಯಿಂದ ಮಾಡುವವರೂ ಇದ್ದಾರೆ. 2005ರಲ್ಲಿ ನಾಂತ್ ತಂಡ 32 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿತು. ವರ್ಷದ ಕೊನೆಗೆ ಶಸ್ತ್ರಕ್ರಿಯೆಯಾದವರಲ್ಲಿ 71.4 ಪ್ರತಿಶತ, ಆಗದವರಲ್ಲಿ 13.3 ಪ್ರತಿಶತ ಮಂದಿ ಸುಧಾರಿಸಿದ್ದರು. ಸುಧಾರಿಸುವುದೆಂದರೆ ಪೂರ್ತಿ ವಾಸಿಯಾಗುವುದಲ್ಲ ಎಂಬುದನ್ನು ರೋಗಿಗೆ ಮೊದಲೇ ಹೇಳಬೇಕು. ಪೆಟ್ಟುಬಿದ್ದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಚಿಗುರುತ್ತದೆ. ಶಸ್ತ್ರಕ್ರಿಯೆಯ ನಂತರ ಮೊದಲ ತಿಂಗಳುಗಳಲ್ಲಿ ನೋವು ಹೆಚ್ಚಾದದ್ದೂ ಉಂಟು. ವರ್ಷ ದಾಟಿದ ಮೇಲೆ ಫಲ ಕಂಡವರೂ ಉಂಟು. ನರವನ್ನು ಬಿಡಿಸಿದರೂ ಸ್ನಾಯು ತನ್ನ ಹಳೆಯ ಬಿಗಿತವನ್ನು ಬಿಡದ ಕಾರಣ, ಶಸ್ತ್ರಕ್ರಿಯೆಯ ಮುಂಚೆಯೂ ಆಮೇಲೂ ಫಿಸಿಯೋಥೆರಪಿ ಇದ್ದೇ ಇರುತ್ತದೆ.

ಅದೂ ಫಲಿಸದವರಿಗೆ ಬೆನ್ನುಹುರಿಯ ತುದಿಯ ಹತ್ತಿರ ಸಣ್ಣ ವಿದ್ಯುದ್ವಾರ ಕೂರಿಸಿ ನೋವಿನ ಸಂಕೇತವನ್ನು ತಗ್ಗಿಸುವ ಉಪಕರಣವಿದೆ. ಮೊದಲು ತಾತ್ಕಾಲಿಕವಾಗಿ ಹಾಕಿ ನೋಡಿ, ಫಲ ಕಂಡರಷ್ಟೇ ಶಾಶ್ವತವಾಗಿ ಕೂರಿಸುತ್ತಾರೆ. ನಾಂತ್‌ನಿಂದ 2015ರಲ್ಲಿ ಬಂದ ವರದಿಯಲ್ಲಿ, ಬೇರೆಲ್ಲ ಚಿಕಿತ್ಸೆ ಸೋತಿದ್ದ 27 ರೋಗಿಗಳ ಪೈಕಿ 20 ಮಂದಿಗೆ ಇದರಿಂದ ಉಪಶಮನ ಸಿಕ್ಕಿತು. ಬೆಲೆ ಬಹಳ. ಭಾರತದಲ್ಲಿ ಹೆಚ್ಚಿನವರ ಕೈಗೆ ಇದು ಎಟುಕುವುದಿಲ್ಲ.

ಸೊಂಟಗೂಡಿನ ನೋವೆಲ್ಲ ಪ್ಯುಡೆಂಡಲ್ ನರದ್ದೇ ಎಂದು ತಿಳಿಯಬಾರದು. ಹರ್ನಿಯಾ ಶಸ್ತ್ರಕ್ರಿಯೆ ಅಥವಾ ಸಿಸೇರಿಯನ್ ಆದ ಮೇಲೆ ತೊಡೆಸಂದು, ವೃಷಣ, ಯೋನಿಯ ತುಟಿಗಳ ಕಡೆಗೆ ಹರಿಯುವ ಉರಿಗೆ ಇಲಿಯೊಇಂಗ್ವಿನಲ್, ಜೆನಿಟೊಫೀಮರಲ್ ನರಗಳು ಕಾರಣವಾಗಿರಬಹುದು. ಅಲ್ಲಿ ಕೂರುವುದಕ್ಕಿಂತ ನಡೆಯುವಾಗ, ಮೈ ಹಿಂದಕ್ಕೆ ಬಾಗಿಸಿದಾಗ ನೋವು ಹೆಚ್ಚು. ಪೃಷ್ಠದ ಕೆಳಮಡಿಕೆಯಲ್ಲಿ, ಗಂಟುಮೂಳೆಯ ಮೇಲೇ ನೋವಿದ್ದು ಗಟ್ಟಿ ಕುರ್ಚಿಯಲ್ಲಿ ಕೂತಾಗ ಕೆರಳಿದರೆ ಕ್ಲೂನಿಯಲ್ ನರವನ್ನು ನೋಡಬೇಕು. ಮುಟ್ಟಿನ ತಿಂಗಳ ಲೆಕ್ಕದಲ್ಲಿ ಏರಿಳಿದು ಕಾಲಿಗೂ ಇಳಿಯುವ ನೋವಿಗೆ, ತ್ರಿಕಾಸ್ಥಿ ನರಗಳ ಮೇಲೆ ಬೆಳೆದ ಗರ್ಭಕೋಶದ ಒಳಪದರದಂಥ ಅಂಗಾಂಶ (ಎಂಡೊಮೆಟ್ರಿಯೋಸಿಸ್) ಕಾರಣವಾಗಿರುವುದುಂಟು. ಜ್ಯೂರಿಕ್‌ನ ಮಾರ್ಕ್ ಪೊಸ್ಸೊವರ್ ಇಂಥ ನರಗಳ ಶಸ್ತ್ರಕ್ರಿಯೆಯನ್ನೇ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆಸಿದರು. ನೋವಿರುವ ಜಾಗವನ್ನು ಬೆರಳಿನಿಂದ ತೋರಿಸಲು, ಇಲ್ಲವೇ ಕಾಗದದ ಮೇಲಿನ ಚಿತ್ರದಲ್ಲಿ ಗುರುತು ಹಾಕಲು ರೋಗಿಗೆ ಹೇಳಿದರೆ ಯಾವ ನರ ಎಂಬುದು ಬಹಳಮಟ್ಟಿಗೆ ತಿಳಿದುಬಿಡುತ್ತದೆ.

ಕರ್ನಾಟಕದಲ್ಲಿ ಈ ನೋವು ಹೊತ್ತವರು ಸಾಮಾನ್ಯವಾಗಿ ಮೊದಲು ಹೋಗುವುದು ಮೂಲವ್ಯಾಧಿಯ ವೈದ್ಯರು, ಮೂತ್ರರೋಗ ತಜ್ಞರು ಅಥವಾ ಸ್ತ್ರೀರೋಗ ತಜ್ಞರ ಬಳಿಗೆ. ಅವರಲ್ಲಿ ಯಾರು ‘ನಮ್ಮ ವಿಭಾಗದಲ್ಲಿ ಏನೂ ತೊಂದರೆ ಇಲ್ಲ’ ಎಂದು ಕಳಿಸುತ್ತಾರೋ ಅವರನ್ನೇ, ನರದ ನೋವಿರಬಹುದೇ, ನೋವು ಚಿಕಿತ್ಸಾ ವಿಭಾಗಕ್ಕೆ ಚೀಟಿ ಕೊಡುವಿರಾ ಎಂದು ಕೇಳಬೇಕು. ಫಿಸಿಯೋಥೆರಪಿಸ್ಟ್ ಹುಡುಕುವಾಗ, ಶ್ರೋಣಿತಳದ ತರಬೇತಿ ಪಡೆದಿದ್ದಾರೆಯೇ, ಬಿಗಿತಕ್ಕೂ ಸಡಿಲಕ್ಕೂ ಬೇರೆ ಬೇರೆ ಚಿಕಿತ್ಸೆ ಕೊಡುತ್ತಾರೆಯೇ, ಒಳಪರೀಕ್ಷೆಯ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದೇ ಎಂದು ಫೋನಿನಲ್ಲೇ ವಿಚಾರಿಸಬಹುದು. ಎಷ್ಟು ಹೊತ್ತು ಕೂತರೆ ನೋವು ಶುರುವಾಗುತ್ತದೆ, ಎಲ್ಲಿ, ಯಾವುದರಿಂದ ಇಳಿಯುತ್ತದೆ, ರಾತ್ರಿ ಎಬ್ಬಿಸುತ್ತದೆಯೇ, ಕಮೋಡಿನ ಮೇಲೆ ಹೇಗಿರುತ್ತದೆ, ಈವರೆಗೆ ಯಾವ ಮಾತ್ರೆಗಳನ್ನು ನುಂಗಿದ್ದಾಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಯ್ದರೆ ಸಂಕೋಚದಿಂದ ಬಾಯಿ ಕಟ್ಟಿದರೂ ಹಾಳೆಯನ್ನು ವೈದ್ಯರ ಕೈಗೆ ಕೊಡಬಹುದು.